ಎಲ್ಲಕ್ಕೂ ‘ನೋ’ ಟಿಕ್ ಹಾಕ್ಬುಡಿ ಸಾರ್!

ನಿನ್ನೆ ಮಂಡ್ಯದಲ್ಲಿ ಅಕ್ಕನ ಮನೆಯಲ್ಲಿ ನಾನು ಕೂಗಾಡಿದ್ದು ಹಿಂದಿನ ಬೀದಿಗೂ ಕೇಳಿಸಿರಬೇಕು. ಕೇಳಿಸಲಿ ಬಿಡಿ.

ಅಕ್ಕ, ಭಾವ ಬೇಸಿಗೆ ರಜೆಗೆ ಕೊಚ್ಚಿಯಿಂದ ಹಡಗಿನಲ್ಲಿ ಲಕ್ಷದ್ವೀಪಕ್ಕೆ ಹೊರಟಿದ್ದಾರೆ. ಹೋದ ವರ್ಷ ನಾವು ಹೋಗಿ ಬಂದ ಫೋಟೋ ನೋಡಿದಾಗಿನಿಂದ ಭಾವನಿಗೆ ಸ್ಕೂಬಾ ಹುಚ್ಚು, ಅಂದರೆ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವುದು. ಟೂರ್ ಏಜೆಂಟ್ ಫಾರ್ಮುಗಳ ಕಟ್ಟು ಹಿಡಿದು ಮನೆಗೇ ಬಂದಿದ್ದ. ಅದರೊಳಗೆ ಡೈವಿಂಗಿನ ಆರೋಗ್ಯದ ಫಾರ್ಮೂ ಇತ್ತು. ಅಸ್ತಮಾ ಇದೆಯಾ, ಬಿಪಿ ಇದೆಯಾ, ಕಿವಿ ಆಪರೇಷನ್ ಆಗಿದೆಯಾ, ಹೃದಯದ ತೊಂದರೆ, ಫಿಟ್ಸು, ಹೀಗೆ. ಭಾವನ ಅಂಗಿ ಜೇಬಿನಲ್ಲಿ ಇನ್ಹೇಲರ್ ಇರುವುದು ಬೀದಿಗೆಲ್ಲ ಗೊತ್ತು. ಬಿಪಿ ಮಾತ್ರೆ ಡಬ್ಬಿ ಟಿವಿ ಪಕ್ಕದಲ್ಲೇ ಇತ್ತು. ಏಜೆಂಟ್ ಪೆನ್ನಿನ ಕ್ಯಾಪ್ ತೆಗೆದು ಕೊಟ್ಟು, “ಎಲ್ಲಕ್ಕೂ ನೋ ಟಿಕ್ ಹಾಕ್ಬುಡಿ ಸಾರ್, ಸುಮ್ನೆ ಫಾರ್ಮಾಲಿಟಿ” ಅಂದ. ನಮ್ಮ ಭಾವ ಸರಸರ ಹಾಕಿಯೇಬಿಟ್ಟರು!

ನಾನು ತಡೆದಿದ್ದಕ್ಕೆ ಅವರ ಉತ್ತರ ಕೇಳಿ. “ಆಕ್ಸಿಜನ್ ಸಿಲಿಂಡರ್ ಕೊಡ್ತಾರಲ್ಲವ್ವಾ, ಉಬ್ಬಸ ಇರೋರಿಗೆ ಒಳ್ಳೇದೇ ಅಲ್ವಾ?”

ಭಾವ, ಅದು ಆಸ್ಪತ್ರೆ ಸಿಲಿಂಡರ್ ಅಲ್ಲ. ಅದರಲ್ಲಿ ಇರುವುದು ನೀವು ಮಂಡ್ಯದಲ್ಲಿ ಉಸಿರಾಡುವ ಇದೇ ಗಾಳಿ, ಒತ್ತಿ ತುಂಬಿರುತ್ತಾರೆ ಅಷ್ಟೆ. ಆಮ್ಲಜನಕ 21 ಪರ್ಸೆಂಟ್, ಉಳಿದದ್ದು ಹೆಚ್ಚುಕಮ್ಮಿ ಎಲ್ಲಾ ಸಾರಜನಕ. ಅದೂ ತೇವ ತೆಗೆದ ಒಣ ಗಾಳಿ. ಅಸ್ತಮಾ ಕೆರಳಿಸುವುದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ನೀರೊಳಗೆ ಇನ್ಹೇಲರ್ ಬಾಯಿಗಿಡೋಕೂ ಆಗಲ್ಲ.

ನಿಮಗೆಲ್ಲಾ ಗೊತ್ತು, ನಾನು ವಿಶ್ವೇಶ್ವರಯ್ಯ ನಾಲೆ ಪಕ್ಕದ ಊರಲ್ಲಿ ಹುಟ್ಟಿಯೂ ಈಜು ಬಾರದವಳು. ಮೊದಲ ಸಲದ ಡೈವಿಗೆ ಈಜು ಬರಲೇಬೇಕು ಅಂತೇನಿಲ್ಲ. ಕಲಿಸುವವನು ಜೊತೆಗೇ ಇರುತ್ತಾನೆ, 12 ಮೀಟರಿಗಿಂತ ಕೆಳಗೆ ಕರೆದೊಯ್ಯುವುದಿಲ್ಲ. ಲಕ್ಷದ್ವೀಪದ ಕವರತ್ತಿಯಲ್ಲಿ ನಮ್ಮನ್ನು ಇಳಿಸಿದ ಹುಡುಗ ಅದೇ ದ್ವೀಪದವನು. ಅರೆಬರೆ ಹಿಂದಿಯಲ್ಲಿ ಫಾರ್ಮಿನ ಒಂದೊಂದು ಪ್ರಶ್ನೆಯನ್ನೂ ಓದಿ, ಮುಖ ನೋಡಿ ಕೇಳಿದ. ನಮ್ಮ ಹಡಗಿನಲ್ಲೇ ಬಂದಿದ್ದ ಹಾಸನದವರೊಬ್ಬರಿಗೆ ನೆಗಡಿ ಇತ್ತು. “ಇವತ್ತು ಬೇಡ ಸಾರ್” ಅಂದ. ಅವರು ದುಡ್ಡಿಗಾಗಿ ಅರ್ಧ ಗಂಟೆ ಜಗಳ ಆಡಿದರು. ಬರೀ ನೆಗಡಿಗೆ ಇಷ್ಟೊಂದಾ, ಪಾಪ ಅನ್ನಿಸಿತು ನನಗೆ.

ನೀರಿಗೆ ಇಳಿದು ಎರಡು ಆಳು ಆಳ ಹೋಗುವಷ್ಟರಲ್ಲಿ ಕಿವಿಯೊಳಗೆ ಯಾರೋ ಬೆರಳಿಟ್ಟು ಅದುಮಿದ ಹಾಗಾಯಿತು. ಹೇಳಿಕೊಟ್ಟಂತೆ ಮೂಗು ಹಿಡಿದು ಮೆಲ್ಲಗೆ ಗಾಳಿ ಊದಿದೆ. ಕಿವಿಯಲ್ಲಿ ‘ಟಪ್’ ಅಂತು, ನೋವು ಮಾಯ. ಇನ್ನೊಂಚೂರು ಇಳಿದರೆ ಮತ್ತೆ ಅದೇ. ಮೂಗು ಕಟ್ಟಿದವರಿಗೆ ಆ ‘ಟಪ್’ ಆಗುವುದೇ ಇಲ್ಲ. ಒತ್ತಾಯ ಮಾಡಿ ಇಳಿದರೆ ಕಿವಿ ತಮಟೆಯೇ ಹರಿಯಬಹುದು. ನೆಗಡಿಗೇ ಈ ಪಾಡು ಅಂದರೆ ಇನ್ಹೇಲರ್ ಗಿರಾಕಿಗಳ ಗತಿ ಏನು ಹೇಳಿ.

ಈ ಲೆಕ್ಕ ಭಾವನಿಗೆ ಪೇಪರ್ ಮೇಲೆ ಬರೆದು ತೋರಿಸಿದೆ. 10 ಮೀಟರ್ ಕೆಳಗೆ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿ ಎದೆ ತುಂಬ ಎಳೆದುಕೊಂಡ ಉಸಿರನ್ನು ಹಾಗೇ ಕಟ್ಟಿಕೊಂಡು ಮೇಲೆ ಬಂದರೆ ಅದೇ ಗಾಳಿ ಎರಡರಷ್ಟು ಹಿಗ್ಗಲು ನೋಡುತ್ತದೆ. ಶ್ವಾಸಕೋಶಕ್ಕೆ ಅಷ್ಟು ಜಾಗ ಎಲ್ಲಿದೆ? ಅದಕ್ಕೇ ಅವರು ಹೇಳಿಕೊಡುವ ಮೊದಲ ಪಾಠ, ಉಸಿರು ಕಟ್ಟಲೇಬಾರದು. ನಾವೇನೋ ಬಿಡುತ್ತೇವೆ. ಅಸ್ತಮಾದಲ್ಲಿ ಸಣ್ಣ ಸಣ್ಣ ನಾಳಗಳು ಬಿಗಿದುಕೊಂಡು, ಅದರಾಚೆ ಸಿಕ್ಕಿಕೊಂಡ ಗಾಳಿ ನೀವು ಬಿಟ್ಟರೂ ಹೊರಗೆ ಬರಲ್ಲ. ಇನ್ನು ಬಿಪಿ. ನೀರಲ್ಲಿ ಮುಳುಗಿದಾಗ ಕೈಕಾಲಿನ ರಕ್ತ ಎದೆ ಕಡೆಗೆ ಸರಿಯುತ್ತದೆ, ಹೃದಯಕ್ಕೆ ಕೆಲಸ ಜಾಸ್ತಿ. ಫಾರ್ಮಿನಲ್ಲಿ ಇದನ್ನೆಲ್ಲಾ ಕೇಳುವುದು ನಮ್ಮ ಜಾತಕ ಕೂಡಿಸೋಕಲ್ಲ.

“ನಮ್ ಫ್ರೆಂಡು ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡಿ ಬಂದ, ಶುಗರ್ರೂ ಇದೆ ಬಿಪೀನೂ ಇದೆ, ಏನೂ ಆಗ್ಲಿಲ್ಲ” ಅಂದರು ಭಾವ. ಈ ಫ್ರೆಂಡು ಎಲ್ಲರ ಮನೆಯ ವಾದದಲ್ಲೂ ಬರುತ್ತಾನೆ. ಹೆಲ್ಮೆಟ್ ಇಲ್ಲದೆ ಬೆಂಗಳೂರಿಗೆ ಹೋಗಿ ಬಂದವನೂ ಅವನೇ, ಜ್ವರ ಇದ್ದರೂ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದವನೂ ಅವನೇ. ಅವನಿಗೆ ಏನೂ ಆಗಲಿಲ್ಲ, ಸಂತೋಷ. ಕವರತ್ತಿ ಕೊಚ್ಚಿಯಿಂದ ಸುಮಾರು 400 ಕಿ.ಮೀ. ದೂರ. ಜೋರಾಗಿ ಏನಾದರೂ ಆದರೆ ಹೆಲಿಕಾಪ್ಟರಿನಲ್ಲಿ ಸಾಗಿಸಬೇಕು. ಆಗ ಆ ಫ್ರೆಂಡು ಬರ್ತಾನಾ?

ದುಡ್ಡಿನ ಮಾತೂ ಬಂತು. ನಿಜ ಬರೆದರೆ ಡೈವ್ ಕ್ಯಾನ್ಸಲ್ ಆಗುತ್ತದೆ, ಕಟ್ಟಿದ್ದು ವಾಪಸ್ ಬರಲ್ಲ ಅಂತ. ಇದರಲ್ಲಿ ಸ್ವಲ್ಪ ನ್ಯಾಯ ಇದೆ, ಒಪ್ಪಿದೆ. ಆದರೆ ಹೌದು ಅಂತ ಬರೆದ ತಕ್ಷಣ ಬಾಗಿಲು ಮುಚ್ಚುವುದಿಲ್ಲ. ಡಾಕ್ಟರ್ ಹತ್ತಿರ ಹೋಗಿ, ಪರೀಕ್ಷೆ ಮಾಡಿಸಿ, ಅಡ್ಡಿಯಿಲ್ಲ ಅಂತ ಅವರು ಸಹಿ ಹಾಕಿದರೆ ಇಳಿಯಬಹುದು. ಊರಲ್ಲಿ ಇದ್ದಾಗಲೇ ಮಾಡಿಸಿದರೆ ಒಂದು ಬೆಳಗಿನ ಕೆಲಸ. ಏಜೆಂಟ್ ಅದನ್ನು ಯಾಕೆ ಹೇಳಲ್ಲ? ಡಾಕ್ಟರ್ ಬೇಡ ಅಂದರೆ ಅವನ ಕಮಿಷನ್ ಹೋಗುತ್ತಲ್ಲ!

ಇಷ್ಟು ಸಿಟ್ಟು ಯಾಕೆ ಅಂತ ಅಕ್ಕನೂ ಕೇಳಿದಳು. ಅವಳೇ ಕೇಳಿದ್ದು ನನಗೆ ಆಶ್ಚರ್ಯ. ನಮ್ಮ ಅಪ್ಪ ಎದೆನೋವನ್ನು ಗ್ಯಾಸ್ಟ್ರಿಕ್ ಅಂತ ಹೇಳಿಕೊಂಡು, ಡಾಕ್ಟರ್ ಎದುರಿಗೂ “ಏನಿಲ್ಲ ಸಾರ್, ಆರಾಮಾಗಿದೀನಿ” ಅಂದು ಮನೆಗೆ ಬಂದವರು. ಆಮೇಲಿನದು ನಮ್ಮಿಬ್ಬರಿಗೂ ಗೊತ್ತು. ಇಲ್ಲಿ ಬರೆಯಲ್ಲ. ನಮ್ಮ ಕಡೆ ಗಂಡಸರಿಗೆ ಕಾಯಿಲೆ ಒಪ್ಪಿಕೊಳ್ಳುವುದು ಅಂದರೆ ಮೀಸೆ ಬೋಳಿಸಿದಷ್ಟು ಅವಮಾನ.

ಡೈವ್ ಮಾಡಬೇಡಿ ಅಂತ ನಾನೆಲ್ಲೂ ಹೇಳಿಲ್ಲ. ಮಾಡಿ! ನೀರೊಳಗೆ ನನ್ನ ಉಸಿರಿನ ಸದ್ದು ನನಗೇ ಕೇಳುತ್ತಿತ್ತು. ಕೆಳಗೆ ಹೋದಂತೆ ಕೆಂಪು ಬಣ್ಣವೇ ಮಾಸಿ, ನಮ್ಮೆಜಮಾನರ ಕೆಂಪು ಟೀಶರ್ಟ್ ಮಣ್ಣುಬಣ್ಣಕ್ಕೆ ತಿರುಗಿತ್ತು. ಅವರು ಫೋಟೋಗೆ ಅಂತ ಹೆಬ್ಬೆರಳು ಎತ್ತಿ ಎತ್ತಿ ತೋರಿಸಿದರು. ಡೈವಿಂಗಿನಲ್ಲಿ ಹೆಬ್ಬೆರಳು ಎತ್ತಿದರೆ ‘ಮೇಲೆ ಹೋಗೋಣ’ ಅಂತ. ಹುಡುಗ ಅವರನ್ನು ಕರೆದುಕೊಂಡು ಹೋಗಿಯೇಬಿಟ್ಟ. ಅದನ್ನು ಹೇಳಿದರೆ ಇವತ್ತಿಗೂ ಮುಖ ಊದಿಸಿಕೊಳ್ಳುತ್ತಾರೆ.

ಮೈಸೂರು, ಮಂಡ್ಯದ ಏಜೆಂಟರೇ, ಆ ಫಾರ್ಮನ್ನು ದುಡ್ಡು ಕಟ್ಟಿಸಿಕೊಳ್ಳುವ ಮುಂಚೆ ಕೊಡಿ. ಇಂಗ್ಲಿಷ್ ಅರ್ಥ ಆಗಲ್ಲ ಅನ್ನುವವರಿಗೆ ಕನ್ನಡದಲ್ಲಿ ಓದಿ ಹೇಳಿ. ಬೇಕಾದರೆ ನಾನೇ ಕನ್ನಡ ಮಾಡಿಕೊಡುತ್ತೇನೆ, ಒಂದು ರೂಪಾಯಿ ಬೇಡ. ಡೈವ್ ಆಗದವರಿಗೆ ಗಾಜಿನ ತಳದ ದೋಣಿ ಇದೆ, ಹವಳ ಅದರಲ್ಲೂ ಕಾಣುತ್ತದೆ, ಅದನ್ನು ಮಾರಿ. ಪೆನ್ನಿನ ಕ್ಯಾಪ್ ಮಾತ್ರ ನೀವು ತೆಗೆಯಬೇಡಿ.