ಅಡ್ಡೆ ಹೊತ್ತವರಿಗೇ ಆರತಿ

ನಿನ್ನೆ ಗಣರಾಜ್ಯೋತ್ಸವಕ್ಕೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಕ್ಕಳ ಚಿತ್ರ ಸ್ಪರ್ಧೆ ಇಟ್ಟಿದ್ದರು. ವಿಷಯ ರಾಷ್ಟ್ರ ಲಾಂಛನ. ರಿಟೈರ್ ಆದ ಡ್ರಾಯಿಂಗ್ ಮೇಷ್ಟ್ರು ಒಬ್ಬ ಮೂರನೇ ಮಹಡಿಯಲ್ಲಿ ಸುಮ್ನೆ ಕೂತಿದ್ದಾನೆ ಅಂತ ಅಸೋಸಿಯೇಷನ್‌ನವರಿಗೆ ಯಾರು ಹೇಳಿದರೋ, ನನ್ನನ್ನೇ ತೀರ್ಪುಗಾರ ಮಾಡಿದರು. ಹೋಗಬಾರದಿತ್ತು. ಬಿಪಿ ಮಾತ್ರೆ ನುಂಗಿ ಇದನ್ನು ಬರೆಯುತ್ತಿದ್ದೇನೆ.

ಮೂವತ್ತೊಂದು ಹಾಳೆ. ಮೂವತ್ತೊಂದರಲ್ಲೂ ಸಿಂಹ. ಕೆಲವು ನಾಯಿಯ ಹಾಗೆ, ಒಂದೆರಡು ನಮ್ಮ ಸೆಕ್ರೆಟರಿಯ ಹಾಗೆ (ಅವರು ಫೇಸ್‌ಬುಕ್ಕಿನಲ್ಲಿ ಇಲ್ಲ, ಅದೇ ಧೈರ್ಯ). ಮಕ್ಕಳು ಹೇಗಾದರೂ ಬರೆಯಲಿ, ಅದಕ್ಕೆ ನನ್ನ ತಕರಾರಿಲ್ಲ. ಸಿಂಹದ ಕೆಳಗೆ ಏನಿತ್ತು ಅಂತ ಕೇಳಿ. ಒಂದು ಡಬ್ಬ. ಡಬ್ಬದೊಳಗೆ ಒಂದು ಸೊನ್ನೆ. ಸೊನ್ನೆಯ ಆಚೆ ಈಚೆ ಎರಡು ಚುಕ್ಕೆ. ಇದೇನಪ್ಪಾ ಅಂತ ಏಳನೇ ಕ್ಲಾಸಿನ ಹುಡುಗನನ್ನು ಕೇಳಿದೆ. "ಅದು ಡಿಸೈನ್ ತಾತ" ಅಂದ.

ಮೊದಲ ಬಹುಮಾನ ಯಾರಿಗೆ ಅಂತ ಅಸೋಸಿಯೇಷನ್‌ನವರು ನಾನು ಬರುವ ಮೊದಲೇ ಮನಸ್ಸು ಮಾಡಿಕೊಂಡಿದ್ದರು. ಜಿಮ್ಮಿಗೆ ಹೋಗಿ ಬಂದ ಹಾಗೆ ಎದೆ ಉಬ್ಬಿಸಿದ ಸಿಂಹ, ಕೋರೆಹಲ್ಲು, ಕೆಂಪು ಕಣ್ಣು. ಪೀಠವೇ ಇಲ್ಲ, ಮೋಡದ ಮೇಲೆ ನಿಂತಿದೆ. "ಏನ್ ಪವರ್ ಇದೆ ನೋಡಿ ಸಾರ್" ಅಂದರು. ನಾನು ಬಾಯಿ ಮುಚ್ಚಿಕೊಂಡು ಸಹಿ ಹಾಕಿದೆ. ಆ ಸಿಟ್ಟೂ ಸೇರಿದೆ ಇದರಲ್ಲಿ, ಒಪ್ಪಿಕೊಳ್ಳುತ್ತೇನೆ.

ನೋಡಿ, ನಮ್ಮ ಲಾಂಛನಕ್ಕೆ ಮೂಲವಾದ ಸಾರನಾಥದ ಆ ಕಲ್ಲು ಏನು ಅಂತ ನನ್ನ ಹಳೇ ಶಿಷ್ಯರಿಗಾದರೂ ನೆನಪಿರಬೇಕು. ಅಶೋಕ ನಿಲ್ಲಿಸಿದ ಕಂಬದ ತುದಿ. ಬುದ್ಧ ಮೊದಲ ಸಲ ಬೋಧನೆ ಮಾಡಿದ ಜಾಗ ಅದು, ಧರ್ಮಚಕ್ರ ಉರುಳಿಸಿದ ಜಾಗ ಅಂತಾರೆ. ಚುನಾರದ ಮರಳುಗಲ್ಲು, ಕನ್ನಡಿಯ ಹಾಗೆ ಹೊಳಪು, ಆಳೆತ್ತರಕ್ಕಿಂತ ಜಾಸ್ತಿ. 1904-05ರಲ್ಲಿ ಓರ್ಟೆಲ್ ಅನ್ನುವ ಇಂಜಿನಿಯರು ಅಗೆಸಿದಾಗ ಮಣ್ಣಿನಿಂದ ಎದ್ದು ಬಂತು. ಬೆನ್ನಿಗೆ ಬೆನ್ನು ಕೊಟ್ಟ ನಾಲ್ಕು ಸಿಂಹ, ಚಿತ್ರದಲ್ಲಿ ಮೂರು ಕಾಣುತ್ತವೆ. ನಮ್ಮ ಪೊಲೀಸ್ ಸಿನಿಮಾಗಳ ದಯೆಯಿಂದ ಆ ಕಾಣದ ನಾಲ್ಕನೇ ಸಿಂಹದ ವಿಷಯ ಕರ್ನಾಟಕದಲ್ಲಿ ಎಲ್ಲರಿಗೂ ಗೊತ್ತು. ಆದರೆ ಆ ನಾಲ್ಕೂ ಸಿಂಹಗಳು ಸೇರಿ ಏನನ್ನು ಹೊತ್ತಿದ್ದವು ಅಂತ ಯಾರಿಗಾದರೂ ಗೊತ್ತಾ?

ಒಂದು ದೊಡ್ಡ ಕಲ್ಲಿನ ಚಕ್ರ. ಅವುಗಳ ಬೆನ್ನಿನ ಮೇಲೆ, ಎಲ್ಲಕ್ಕಿಂತ ಎತ್ತರದಲ್ಲಿ. ಅದು ಮುರಿದು ಬಿದ್ದಿದೆ, ತುಣುಕುಗಳು ಅಲ್ಲೇ ಸಿಕ್ಕಿವೆ. ಅಂದರೆ ಸಿಂಹಗಳು ಅಲ್ಲಿ ಯಜಮಾನರಲ್ಲ ಸ್ವಾಮಿ, ಹೊರುವವರು. ನಮ್ಮೂರ ಪಲ್ಲಕ್ಕಿಗೆ ಅಡ್ಡೆ ಕೊಡುವವರಿದ್ದಾರಲ್ಲ, ಹಾಗೆ. ನಾವೀಗ ದೇವರನ್ನು ಬಿಟ್ಟು ಅಡ್ಡೆ ಹೊತ್ತವರಿಗೇ ಆರತಿ ಎತ್ತುತ್ತಿದ್ದೇವೆ, ಅವರ ತೋಳು ನೋಡಿ ಚಪ್ಪಾಳೆ ಹೊಡೆಯುತ್ತಿದ್ದೇವೆ.

ಮೇಲಿನ ಚಕ್ರ ಹೋಯಿತು, ಸರಿ. ಪೀಠದ ಮೇಲೆ ಇನ್ನೂ ನಾಲ್ಕು ಚಕ್ರ ಉಳಿದಿವೆ. ಮಧ್ಯೆ ಮಧ್ಯೆ ಆನೆ, ಕುದುರೆ, ಹೋರಿ, ಇನ್ನೊಂದು ಸಿಂಹ. ಒಂದೊಂದಕ್ಕೂ ಪಂಡಿತರು ಒಂದೊಂದು ಅರ್ಥ ಹೇಳುತ್ತಾರೆ. ಕುದುರೆ ಅಂದರೆ ಸಿದ್ಧಾರ್ಥ ಮನೆ ಬಿಟ್ಟು ಹೋದಾಗ ಏರಿದ ಕಂಥಕ ಅಂತ ಹೇಳುವವರಿದ್ದಾರೆ, ನನಗೆ ಅದೇ ಇಷ್ಟ. ಲಾಂಛನದಲ್ಲಿ ನಡುವೆ ಚಕ್ರ, ನಮ್ಮ ಎಡಕ್ಕೆ ಓಡುವ ಕುದುರೆ, ಬಲಕ್ಕೆ ಹೋರಿ. ಆ ಹೋರಿಯನ್ನು ದೊಡ್ಡದು ಮಾಡಿ ನೋಡಿ ಒಮ್ಮೆ. ಹೆಗಲ ಮೇಲಿನ ಹಿಣಿಲು ನೋಡಿ, ನಿಂತ ಗತ್ತು ನೋಡಿ. ಚಳ್ಳಕೆರೆ ಕಡೆಯ ಕಾವಲಿನಲ್ಲಿ ಅಮೃತಮಹಲ್ ಹೋರಿ ನೋಡಿ ಬೆಳೆದ ನನ್ನಂಥವನಿಗೆ ಕೈ ಮುಗಿಯಬೇಕು ಅನಿಸುತ್ತದೆ. ಆ ಶಿಲ್ಪಿ ದನ ಕಾಯ್ದವನೇ ಇರಬೇಕು. ಸಿಂಹ ಯಾರು ಬೇಕಾದರೂ ಕೆತ್ತುತ್ತಾರೆ, ಯಾಕೆಂದರೆ ತಪ್ಪಾದರೆ ಹಿಡಿಯುವವರು ಕಡಿಮೆ. ಹೋರಿ ತಪ್ಪಾದರೆ ಊರೆಲ್ಲ ಹಿಡಿಯುತ್ತದೆ.

ಈ ಲಾಂಛನ ಬರೆದದ್ದು ಶಾಂತಿನಿಕೇತನದ ವಿದ್ಯಾರ್ಥಿ, ಕಲಾವಿದ ನಂದಲಾಲ್ ಬೋಸರ ಶಿಷ್ಯ ದೀನಾನಾಥ ಭಾರ್ಗವ. ಸಿಂಹ ಸರಿಯಾಗಿ ಬರಲಿ ಅಂತ ಕಲ್ಕತ್ತೆಯ ಮೃಗಾಲಯಕ್ಕೆ ಹೋಗಿ ನೋಡಿಕೊಂಡು ಬರುತ್ತಿದ್ದರಂತೆ. ಇಪ್ಪತ್ತರ ಹುಡುಗನ ಶ್ರದ್ಧೆ ಅದು. ನಮಗೆ ಕಾರಿನ ಗಾಜಿಗೆ ಹತ್ತು ರೂಪಾಯಿ ಸ್ಟಿಕ್ಕರ್ ಸಾಕು. ನಮ್ಮ ಬೇಸ್‌ಮೆಂಟಿನಲ್ಲೇ ಒಂದು ಬಿಳಿ ಕಾರಿದೆ, ಮಾಲೀಕರು ಯಾವ ಸರ್ಕಾರಿ ಹುದ್ದೆಯಲ್ಲೂ ಇಲ್ಲ, ಮುಂದಿನ ಗಾಜಿನಲ್ಲಿ ಚಿನ್ನದ ಬಣ್ಣದ ಸಿಂಹಗಳು ಮಾತ್ರ ಇವೆ. ಕೆಳಗೆ ಅಕ್ಷರ ಇಲ್ಲ. 2005ರ ಕಾಯ್ದೆ ಪ್ರಕಾರ ಇಂಥ ದುರ್ಬಳಕೆಗೆ ಎರಡು ವರ್ಷದವರೆಗೆ ಜೈಲು, ಇಲ್ಲವೇ 5000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದೇ ಕಾಯ್ದೆಯಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ, ಕೆಳಗಿನ 'ಸತ್ಯಮೇವ ಜಯತೇ' ಕೂಡ ಲಾಂಛನದ ಭಾಗ ಅಂತ. ಅಲಂಕಾರಕ್ಕೆ ಹಾಕಿದ್ದಲ್ಲ ಅದು.

ಆ ಮಾತು ಮುಂಡಕೋಪನಿಷತ್ತಿನದು, ಕಂಬ ಅಶೋಕನದು, ಎರಡನ್ನೂ 1950ರ ಜನವರಿ 26ಕ್ಕೆ ಜೋಡಿಸಿದರು. ಅಲ್ಲಿಂದ ಒಂದು, ಇಲ್ಲಿಂದ ಒಂದು ಅಂಟಿಸಿದ್ದಾರೆ ಅಂತ ಮೊದಲು ನನಗೂ ಅನಿಸುತ್ತಿತ್ತು. ಆಮೇಲೆ ನಮ್ಮ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ ಬಂಡೆ ನೋಡಿದೆ. 1892ರಲ್ಲಿ ಬಿ. ಎಲ್. ರೈಸ್ ಪತ್ತೆ ಮಾಡಿದ ಅಶೋಕನ ಶಾಸನ. ಚಪಡ ಅನ್ನುವ ಲಿಪಿಕಾರ ಬರೆದಿದ್ದಾನೆ, ಹೆಸರೂ ಹಾಕಿಕೊಂಡಿದ್ದಾನೆ (ಕಲಾವಿದ ಅಂದರೆ ಹಾಗಿರಬೇಕು). ತಂದೆ ತಾಯಿ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆ ಇರಲಿ, ಆಮೇಲೆ ಎರಡೇ ಪದ: 'ಸಚಂ ವತವಿಯಂ'. ಸತ್ಯ ಹೇಳಬೇಕು. ಅಶೋಕ ನಮ್ಮೂರ ಬಂಡೆಯ ಮೇಲೆ ಅದನ್ನೇ ಹೇಳಿಸಿದ್ದ, ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ! ಸಿಂಹ ಬಾಯಿ ತೆರೆದಿರುವುದು ಕಚ್ಚುವುದಕ್ಕಲ್ಲ. ಬುದ್ಧನ ಮಾತಿಗೇ ಸಿಂಹನಾದ ಅನ್ನುತ್ತಿದ್ದರು. ನಾಲ್ಕು ದಿಕ್ಕಿಗೂ ಕೇಳಲಿ ಅಂತ ಬಾಯಿ ತೆರೆದಿದೆ. ನಾವು ಬಾಯಿ ಉಳಿಸಿಕೊಂಡು ಮಾತನ್ನು ಅಳಿಸಿದ್ದೇವೆ.

2022ರ ಜುಲೈನಲ್ಲಿ ಹೊಸ ಸಂಸತ್ ಭವನದ ಮೇಲೆ ಆರೂವರೆ ಮೀಟರ್ ಎತ್ತರದ, 9500 ಕೆಜಿಯ ಕಂಚಿನ ಲಾಂಛನ ಬಂದಾಗ ನೆನಪಿದೆಯಾ? ಸಿಂಹಕ್ಕೆ ಸಿಟ್ಟು ಜಾಸ್ತಿ ಆಯಿತು ಅಂತ ಒಂದು ಗುಂಪು, ಕೆಳಗಿನಿಂದ ಫೋಟೋ ತೆಗೆದರೆ ಹಾಗೇ ಕಾಣುತ್ತದೆ ಅಂತ ಇನ್ನೊಂದು ಗುಂಪು. ತಿಂಗಳುಗಟ್ಟಲೆ ಹಲ್ಲು ಎಣಿಸಿದರು. ಸುಪ್ರೀಂ ಕೋರ್ಟ್‌ವರೆಗೂ ಹೋಯಿತು, ಅಲ್ಲಿ ಅರ್ಜಿ ವಜಾ ಆಯಿತು. ನಾನು ನೋಡಿದ ಅಷ್ಟೂ ಜಗಳದಲ್ಲಿ ಹೋರಿ ಹೇಗೆ ಬಂದಿದೆ ಅಂತ ಕೇಳಿದವರು ಒಬ್ಬರೂ ಇಲ್ಲ.

"ಅಪ್ಪಾ, ಅಷ್ಟು ಚಿಕ್ಕ ಚಿತ್ರದಲ್ಲಿ ಕುದುರೆ ಯಾರಿಗೆ ಕಾಣುತ್ತೆ, ಸಿಂಹ ಗುರುತು ಸಿಕ್ಕರೆ ಸಾಕಲ್ವಾ" ಅಂತ ಮಗಳು ಅಂದಳು. ಅವಳು ಕಂಪನಿಯಲ್ಲಿ ಲೋಗೋ ಮಾಡುವವಳು, ಅವಳ ಮಾತಿನಲ್ಲಿ ಹುರುಳಿಲ್ಲ ಅಂತ ಅಲ್ಲ. ಆದರೆ ಒಂದು ರೂಪಾಯಿ ನಾಣ್ಯ ತೆಗೆದು ಕೈಗೆ ಕೊಟ್ಟೆ. ಅಷ್ಟಗಲದಲ್ಲೇ ಟಂಕಸಾಲೆಯವರು ಸಿಂಹದ ಕೆಳಗೆ 'ಸತ್ಯಮೇವ ಜಯತೇ' ಕೂರಿಸಿಲ್ಲವಾ? ಅವಳು ಕಾಫಿ ಮಾಡಲು ಎದ್ದು ಹೋದಳು.

ಈಗ ಒಂದು ಗುಟ್ಟು ಹೇಳಬೇಕು. ಬೇರೆಯವರನ್ನು ಇಷ್ಟು ಬೈದ ಮೇಲೆ ಹೇಳದಿದ್ದರೆ ರಾತ್ರಿ ನಿದ್ದೆ ಬರಲ್ಲ. ನಾನು ಮೊದಲು ಕೆಲಸ ಮಾಡಿದ ಹಳ್ಳಿ ಶಾಲೆಯ ಗೋಡೆಯ ಮೇಲೆ ನಾನೇ ಈ ಲಾಂಛನ ಬರೆದಿದ್ದೆ. ಆರಡಿ ಎತ್ತರ. ಕುದುರೆ ಬಲಕ್ಕೆ, ಹೋರಿ ಎಡಕ್ಕೆ. ಉಲ್ಟಾ! ಹನ್ನೊಂದು ವರ್ಷ ಅದು ಹಾಗೇ ಇತ್ತು. ಇನ್ಸ್‌ಪೆಕ್ಟರು ಬಂದರು, ಶಾಸಕರು ಬಂದರು, ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು, ಯಾರೂ ಸೊಲ್ಲೆತ್ತಲಿಲ್ಲ. ಕೊನೆಗೆ ಆರನೇ ಕ್ಲಾಸಿನ ಒಬ್ಬ ಹುಡುಗ, ಸ್ಕೂಲಿಗಿಂತ ಹೊಲದಲ್ಲೇ ಜಾಸ್ತಿ ಇರುತ್ತಿದ್ದವನು, ಬಂದು "ಸಾ, ಹೋರಿಗೆ ಹಿಣಿಲೇ ಇಕ್ಕಿಲ್ವಲ್ಲ ಸಾ" ಅಂದ. ಪುಸ್ತಕ ತೆಗೆದು ನೋಡಿದಾಗ ಹಿಣಿಲಿನ ಜೊತೆ ಎಡ ಬಲವೂ ಹೋಗಿತ್ತು ಅಂತ ಗೊತ್ತಾಯಿತು. ತಿದ್ದುತ್ತೇನೆ ಅಂದುಕೊಳ್ಳುವಷ್ಟರಲ್ಲಿ ವರ್ಗ ಆಯಿತು. ಸುಳ್ಳು ಹೇಳಲ್ಲ, ಸೋಮಾರಿತನವೂ ಇತ್ತು.

ಇವತ್ತು ಬೆಳಿಗ್ಗೆ ತಡೆಯಲಾರದೆ ಆ ಶಾಲೆಯ ಈಗಿನ ಹೆಡ್‌ಮಾಸ್ಟರಿಗೆ ಫೋನ್ ಮಾಡಿದೆ. ನಾನೇ ಬಂದು ತಿದ್ದಿ ಹೋಗುತ್ತೇನೆ, ಬಣ್ಣದ ಖರ್ಚೂ ನನ್ನದೇ ಅಂದೆ. ಅವರು ನಕ್ಕರು. ಹೋದ ವರ್ಷ ಗೋಡೆಗೆ ಹೊಸದಾಗಿ ಸುಣ್ಣ ಬಣ್ಣ ಆಯಿತಂತೆ. ಕೆಳಗಡೆ ಉದ್ದಕ್ಕೂ ಕೆಮ್ಮಣ್ಣು ಬಣ್ಣದ ಪಟ್ಟಿ ಹೊಡೆಯುವಾಗ ಪೀಠ, ಅಕ್ಷರ ಎಲ್ಲ ಮುಚ್ಚಿಹೋಯಿತಂತೆ.

"ಸಿಂಹಕ್ಕೆ ಏನೂ ಆಗಿಲ್ಲ ಸಾರ್, ಚೆನ್ನಾಗಿದೆ" ಅಂದರು.