ಬಂಗಡೆ ಲೆಕ್ಕದ ಕೆಳಗೆ ವಕೀಲರ ಲೆಕ್ಕ

ನಮ್ಮನೆಯಲ್ಲಿ ಖರ್ಚಿನ ಪುಸ್ತಕ ಒಂದೇ. ಹೆಂಡತಿ ಬರೆಯುತ್ತಾಳೆ. ಹಾಲು, ಗ್ಯಾಸು, ಬಂಗಡೆ 200, ಅದರ ಕೆಳಗೆ ವಕೀಲರು 5,000, ಮತ್ತೆ ತೆಂಗಿನಕಾಯಿ. ಮೊನ್ನೆ ಕೂತು ನಾಲ್ಕು ವರ್ಷದ ಪುಟಗಳನ್ನು ಕೂಡಿಸಿದೆ. ಕೇಸಿನ ಬಾಬ್ತು ಒಟ್ಟು 2,86,400 ರೂಪಾಯಿ. ತೀರ್ಪು ಏನಾಯ್ತು ಅಂತೀರಾ? ತೀರ್ಪೇ ಇಲ್ಲ. ಇದು ಇಲ್ಲಿ ನಡೆಯುವ ಕೇಸಲ್ಲ, ಬೇರೆ ಕಡೆ ಹೋಗಿ ಅಂದರು.

ನಾನಿರುವುದು ಕಾರವಾರದಲ್ಲಿ. ಫ್ಲಾಟು ಮಾತ್ರ ಘಟ್ಟದ ಮೇಲಿನ ಒಂದು ಊರಲ್ಲಿ. ಬಿಲ್ಡರ್ ಹೆಸರು ಬೇಡ. ಮಗಳಿಗಿರಲಿ ಅಂತ ಬುಕ್ ಮಾಡಿದ್ದು, 38 ಲಕ್ಷ. ದುಡ್ಡು ಬಹುಪಾಲು ಕಟ್ಟಿಯಾಗಿತ್ತು, ಕ್ರಯಪತ್ರ ಮಾತ್ರ ಆಗಲಿಲ್ಲ. ಯಾರೋ ಹೇಳಿದ ವಕೀಲರು ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಿಸಿದರು. ಕ್ರಯಪತ್ರ ಮಾಡಿಸಿಕೊಡಿ ಅನ್ನುವ ದಾವೆಗೆ ಕೋರ್ಟ್ ಫೀ ಒಪ್ಪಂದದ ಪೂರ್ತಿ ಮೊತ್ತದ ಮೇಲೆ. ಅದೊಂದೇ ಲಕ್ಷ ದಾಟಿತು.

ಆಮೇಲೆ ಓಡಾಟ. ಬೆಳಿಗ್ಗೆ ಐದರ ಬಸ್ಸು, ಅರಬೈಲು ಘಟ್ಟ. ಒಂದು ಆಷಾಢದಲ್ಲಿ ದಾರಿಗೆ ಮರ ಬಿದ್ದು ಎರಡು ತಾಸು ಬಸ್ಸಲ್ಲೇ ಕೂತೆ. ಹೋಗಿ ಮುಟ್ಟುವಷ್ಟರಲ್ಲಿ ಮುಂದಿನ ತಾರೀಕು ಕೊಟ್ಟಾಗಿತ್ತು. ಅದನ್ನು ಚೀಟಿಯಲ್ಲಿ ಬರೆದುಕೊಟ್ಟ ವಕೀಲರ ಗುಮಾಸ್ತನಿಗೆ 200. ಅದೂ ಪುಸ್ತಕದಲ್ಲಿದೆ.

ಬಿಲ್ಡರ್ ಕಡೆಯವರು ತಕರಾರು ಸಲ್ಲಿಸಿದರು, ತಾರೀಕು ಕೇಳಿದರು, ಮತ್ತೆ ಕೇಳಿದರು. ಮೂರನೇ ವರ್ಷ ಒಂದು ಅರ್ಜಿ ಹಾಕಿದರು: ಬಿಲ್ಡರ್ ಮತ್ತು ಫ್ಲಾಟು ಕೊಂಡವರ ವ್ಯವಹಾರಕ್ಕೆಂದೇ ಇರುವ 2016ರ ರೇರಾ ಕಾಯ್ದೆಯ 79ನೇ ಕಲಂ ಪ್ರಕಾರ ಇದನ್ನು ಸಿವಿಲ್ ಕೋರ್ಟು ವಿಚಾರಣೆ ಮಾಡುವ ಹಾಗಿಲ್ಲ! ಕಲಂ ಇರುವುದು ನಿಜ. ಆದರೆ ಅದು ಮೊದಲ ದಿನವೂ ಇತ್ತು, ಅಲ್ವಾ? ನನ್ನ ವಕೀಲರಿಗೂ ಗೊತ್ತಿರಬೇಕಿತ್ತು. ಅರ್ಜಿ ಮಂಜೂರಾಯಿತು. ಆದೇಶದ ಕೊನೆಯ ಸಾಲನ್ನು ನಾನು ಮೂರು ಸಲ ಓದಿದೆ. ಉಭಯ ಪಕ್ಷಗಾರರು ತಮ್ಮ ತಮ್ಮ ಖರ್ಚು ತಾವೇ ಭರಿಸತಕ್ಕದ್ದು.

ನನ್ನ ಜಗಳ ಆ ಸಾಲಿನ ಮೇಲೆ. 1963ರ ಕಾಲಮಿತಿ ಕಾಯ್ದೆಯ 14ನೇ ಕಲಂ ಏನು ಹೇಳುತ್ತದೆ? ಅಧಿಕಾರವಿಲ್ಲದ ಕೋರ್ಟಿನಲ್ಲಿ ಪ್ರಾಮಾಣಿಕವಾಗಿ ಕಳೆದ ದಿನಗಳನ್ನು ದಾವೆ ಹಾಕುವ ಗಡುವಿನ ಲೆಕ್ಕದಿಂದ ಬಿಡಿ ಅನ್ನುತ್ತದೆ. ಕಳೆದ ದಿನ ವಾಪಸ್ ಕೊಡುವ ಕಾನೂನಿಗೆ ಕಳೆದ ದುಡ್ಡು ಯಾಕೆ ಕಾಣುವುದಿಲ್ಲ? ಸುಳ್ಳು ತಕರಾರು ಹೂಡಿ ಸತಾಯಿಸಿದವರಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ಎ ಕಲಂನಲ್ಲಿ ಹಾಕಬಹುದಾದ ಹೆಚ್ಚೆಂದರೆ ಪರಿಹಾರ 3,000 ರೂಪಾಯಿ. ಇದು ಏನೂ ಸಾಲದು ಅಂತ 2011ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನಮ್ಮಲ್ಲಿ ಮೂರು ಸಾವಿರಕ್ಕೆ ಒಂದು ಸಣ್ಣ ಸತ್ಯನಾರಾಯಣ ಪೂಜೆಯೂ ಆಗುವುದಿಲ್ಲ.

ಮೂರು ವರ್ಷ ಸುಮ್ನೆ ಕೂತು ಆಮೇಲೆ 'ತಪ್ಪು ಬಾಗಿಲು' ಅಂದವನು ಆ ಮೂರು ವರ್ಷದ ಖರ್ಚು ಕೊಡಬೇಕು. ಮೊದಲ ತಾರೀಕಿಗೇ ಹೇಳಿದ್ದರೆ ತಪ್ಪು ನನ್ನದು, ನಾನೇ ನುಂಗುತ್ತಿದ್ದೆ. ಇಷ್ಟೇ ನನ್ನ ವಾದ.

ಈಗ ಆ ಕಾಯ್ದೆಯಡಿ ಬೆಂಗಳೂರಿನಲ್ಲಿರುವ ರೇರಾ ಪ್ರಾಧಿಕಾರಕ್ಕೆ ದೂರು ಕೊಟ್ಟಿದ್ದೇನೆ. ಶುಲ್ಕ 1,000. ಪುಸ್ತಕದಲ್ಲಿ ಅದನ್ನು ಬರೆಯುವಾಗ ಹೆಂಡತಿ 'ಸೊನ್ನೆ ಒಂದು ಬಿಟ್ಟುಹೋಯ್ತಾ?' ಅಂದಳು. ವಕೀಲರೇ ಬೇಕು ಅಂತಿಲ್ಲ. ರೇರಾ ಕಾಯ್ದೆಯ 56ನೇ ಕಲಂ ಪ್ರಕಾರ ನಾವೇ ವಾದ ಮಾಡಬಹುದು, ಚಾರ್ಟರ್ಡ್ ಅಕೌಂಟೆಂಟನ್ನೂ ಕಳಿಸಬಹುದು. ಬೆಂಗಳೂರಿಗೆ ಓಡಬೇಕಿಲ್ಲ, ವಿಡಿಯೋದಲ್ಲೂ ವಿಚಾರಣೆ ಆಗುತ್ತದೆ. ದುಡ್ಡು ಕೊಡು ಅಂತ ಆದೇಶವಾದರೆ ಬಿಲ್ಡರ್ ಅಷ್ಟನ್ನೂ ಠೇವಣಿ ಇಟ್ಟೇ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು. 2021ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಿದೆ. ಒಂದು ಮಾತು: ಜಾಗದ ಮೂಲ ಮಾಲೀಕ ಯಾರು ಅನ್ನುವ ತಂಟೆಯಿದ್ದರೆ ಅದಕ್ಕೆ ಸಿವಿಲ್ ಕೋರ್ಟೇ ಗತಿ. ಹಾಗಾಗಿ ಫೀ ಕೊಡುವ ಮೊದಲು 'ಇದು ಎಲ್ಲಿಗೆ ಹೋಗಬೇಕು, ಯಾಕೆ' ಅಂತ ವಕೀಲರ ಹತ್ತಿರ ಬರೆಸಿಕೊಳ್ಳಿ.

ಹಳೇ ಖರ್ಚನ್ನೂ ಪರಿಹಾರದಲ್ಲಿ ಕೇಳೋಣ ಅಂತ ಪುಸ್ತಕ ತೆಗೆದುಕೊಂಡು ಪರಿಚಯದ ಇನ್ನೊಬ್ಬ ವಕೀಲರ ಹತ್ತಿರ ಹೋಗಿದ್ದೆ. ಅವರು ಬಂಗಡೆ ಸಾಲು ನೋಡಿ ನಕ್ಕರು. "ಮಾರಾಯ್ರೇ, ರಸೀದಿ ಎಲ್ಲಿ?" ಕೋರ್ಟ್ ಫೀಗೆ ಇದೆ. ವಕೀಲರಿಗೆ ಕೊಟ್ಟದ್ದೆಲ್ಲ ಕೈಯಿಂದ ಕೈಗೆ. ಆವತ್ತಿನಿಂದ ಜೆರಾಕ್ಸ್ ಅಂಗಡಿಯಲ್ಲೂ ಬಿಲ್ ಕೇಳುತ್ತಿದ್ದೇನೆ. ಹನ್ನೆರಡು ರೂಪಾಯಿಗೆ ಬಿಲ್ಲಾ ಅಂತ ಅವನಿಗೆ ನನ್ನ ಮೇಲೆ ಸಿಟ್ಟು.