ಬಳ್ಳಾರಿಯ ಉಪ್ಪುನೀರಿನ ಟ್ಯಾಂಕಿಗೆ ಎಂಥ ನೀರು ಬೇಕು?

ನಾನಿರುವುದು ಚೆನ್ನೈನಲ್ಲಿ, ಹುಟ್ಟಿ ಬೆಳೆದದ್ದು ಬಳ್ಳಾರಿಯಲ್ಲಿ. ಎರಡೂ ಊರಲ್ಲಿ ಸಮುದ್ರದ ಮೀನು ಸಾಕುವ ಗೆಳೆಯರಿದ್ದಾರೆ. ಬಳ್ಳಾರಿಯವರು ಸಿಕ್ಕಾಗೆಲ್ಲ ಒಂದೇ ಮಾತು: "ನಿಮಗೇನ್ರೀ, ಸಮುದ್ರ ಬಾಜೂಕ ಐತಿ." ನನಗೆ ಮಾತ್ರ ಹಾಗೆ ಅನಿಸುವುದಿಲ್ಲ. ಹೊಸದಾಗಿ ಉಪ್ಪುನೀರಿನ ಅಕ್ವೇರಿಯಂ ಇಡುವವರಿಗೆ ಸಮುದ್ರ ದೂರ ಇದ್ದಷ್ಟೂ ಒಳ್ಳೆಯದು. ಷರತ್ತು ಒಂದೇ: ನೀರನ್ನು ಸೊನ್ನೆಯಿಂದ ತಯಾರಿಸುವ ತಾಳ್ಮೆ ಬೇಕು.

ಚೆನ್ನೈನ ಕೊಳತ್ತೂರು ಬಣ್ಣದ ಮೀನಿನ ವ್ಯಾಪಾರಕ್ಕೆ ಹೆಸರಾದ ಜಾಗ. ಈ ಊರಲ್ಲಿ ಟ್ಯಾಂಕಿಗೆ ಸಮುದ್ರದ ನೀರನ್ನೇ ಕ್ಯಾನುಗಳಲ್ಲಿ ತಂದು ಸುರಿಯುವವರು ತುಂಬಾ ಜನ. ಖರ್ಚು ಕಡಿಮೆ. ಕ್ಯಾಲ್ಸಿಯಂ, ಮೆಗ್ನೀಶಿಯಂ ಎಲ್ಲ ಹದವಾಗಿ ಬೆರೆತೇ ಬಂದಿರುತ್ತದೆ. ಆದರೆ ಅದೇ ದಡಕ್ಕೆ ಕೂವಂ, ಅಡಯಾರು ನದಿಗಳು ಊರಿನ ಕೊಳಚೆಯನ್ನೂ ಹೊತ್ತು ತರುತ್ತವೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇಲ್ಲಿ ಮಳೆಗಾಲ. ಆಗ ದಡದ ನೀರಿನ ಉಪ್ಪು ಇಳಿದುಬಿಡುತ್ತದೆ. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ಹೊತ್ತಿಗೆ ಎಣ್ಣೂರು ಬಳಿ ಎಣ್ಣೆ ಹರಡಿತ್ತಲ್ಲ, ಆಮೇಲೆ ಯಾವ ಕ್ಯಾನಿನಲ್ಲಿ ಏನಿದೆ ಅಂತ ಹೇಗೆ ನಂಬುವುದು? ಪಳಗಿದವರು ಜಾಗ, ಕಾಲ ನೋಡಿ ದೂರದಿಂದ ತರುತ್ತಾರೆ, ಸೋಸುತ್ತಾರೆ, ಕತ್ತಲಲ್ಲಿ ಇಟ್ಟು ತಿಳಿಯಾಗಲು ಬಿಡುತ್ತಾರೆ. ಹೊಸಬರಿಗೆ ಇಷ್ಟೆಲ್ಲ ಎಲ್ಲಿ ಗೊತ್ತಿರುತ್ತದೆ? ಇದೇ ಚೆನ್ನೈ 2010ರಲ್ಲಿ ಮಿಂಜೂರಿನಲ್ಲಿ, 2013ರಲ್ಲಿ ನೆಮ್ಮೇಲಿಯಲ್ಲಿ ಸಮುದ್ರದ ನೀರಿನ ಉಪ್ಪು ತೆಗೆದು ಕುಡಿಯುವ ನೀರು ಮಾಡಲು ಶುರು ಮಾಡಿತು. ಬಳ್ಳಾರಿಯ ಟ್ಯಾಂಕಿನವರು ಮಾಡಬೇಕಾದ್ದು ಇದರ ಉಲ್ಟಾ ಕೆಲಸ. ಸಿಹಿನೀರು ಪೂರ್ತಿ ಶುದ್ಧವಾಗಿದ್ದರೆ ಅದು ಕಷ್ಟವೇನಲ್ಲ.

"ಪೂರ್ತಿ" ಅನ್ನುವಲ್ಲೇ ನಮ್ಮವರು ಎಡವುವುದು. ಅಕ್ಕನ ಮಗ ಬಳ್ಳಾರಿಯಲ್ಲಿ ಟ್ಯಾಂಕ್ ಇಡಲು ಹೊರಟಾಗ ಕೇಳಿದ್ದ: "ಮಾಮಾ, ಘಟಕದ ಕ್ಯಾನ್ ನೀರು ನಾವು ಕುಡೀತೀವಿ. ಮೀನಿಗೆ ಯಾಕ ಆಗಲ್ಲ?" ಕೇಳಬೇಕಾದ ಪ್ರಶ್ನೆಯೇ. ನೀರಿನಲ್ಲಿ ಕರಗಿದ ಲವಣ ಅಳೆಯುವ, ಪೆನ್ನಿನಷ್ಟು ಉದ್ದದ ಟಿಡಿಎಸ್ ಮೀಟರನ್ನು ಕ್ಯಾನಿನ ನೀರಿಗೆ ಅದ್ದಿದೆವು. 70ರ ಆಸುಪಾಸು ತೋರಿಸಿತು. ಕುಡಿಯಲು ಬಹಳ ಒಳ್ಳೆಯ ನೀರು. ಸುಮ್ನೆ ರುಚಿಗೆ ಅಂತಲೇ ಸ್ವಲ್ಪ ಲವಣ ಉಳಿಸುತ್ತಾರೆ. ಮನೆಯ ಪ್ಯೂರಿಫೈಯರ್‌ಗಳಲ್ಲೂ ಎಷ್ಟೋ ಮಾದರಿಗಳಲ್ಲಿ ಟಿಡಿಎಸ್ ಕಂಟ್ರೋಲರ್ ಅಂತ ಒಂದು ಪುಟ್ಟ ತಿರುಪು ಇರುತ್ತದೆ. ಆರ್‌ಒ ಆದ ನೀರಿಗೆ ಆರ್‌ಒ ಆಗದ ನೀರನ್ನು ಬೆರೆಸುವುದೇ ಅದರ ಕೆಲಸ. ನಾಲಿಗೆಗೆ ಅದು ಹಿತ, ಟ್ಯಾಂಕಿಗೆ ಅಲ್ಲ. ಮೀಟರು ಒಟ್ಟು ಲವಣ ಎಷ್ಟು ಅಂತ ಹೇಳುತ್ತದೆ, ಯಾವ ಲವಣ ಅಂತ ಹೇಳುವುದಿಲ್ಲ. ಆ 70ರಲ್ಲಿ ನೈಟ್ರೇಟ್ ಇರಬಹುದು, ಸಿಲಿಕೇಟ್ ಇರಬಹುದು, ಚೂರು ತಾಮ್ರವೂ ಇರಬಹುದು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂವರೆಗೆ ಇದ್ದರೂ ನಮ್ಮ ದೇಶದ ಮಾನದಂಡಕ್ಕೆ ಒಪ್ಪಿಗೆ. ಟ್ಯಾಂಕಿನಲ್ಲಿ ಅದು ಪಾಚಿಗೆ ಗೊಬ್ಬರ. ನಮಗೆ ಏನೂ ಮಾಡದಷ್ಟು ತಾಮ್ರ ಸಾಕು, ಸಿಗಡಿ, ಬಸವನಹುಳ ಸಾಯುತ್ತವೆ.

ಇದರಲ್ಲಿ ಬಳ್ಳಾರಿಯವರಿಗೆ ಹೊಸದೇನಿಲ್ಲ. ತುಂಗಭದ್ರಾ ಜಲಾಶಯದ ನೀರು ಹಸಿರು ತಿರುಗುವುದನ್ನು ನೋಡಿದ್ದೇವಲ್ಲ. ನೀರಿಗೆ ಸೇರಿದ ಗೊಬ್ಬರದ ಅಂಶ ತಿಂದೇ ಪಾಚಿ ಹಾಗೆ ಬೆಳೆಯುವುದು. ಎರಡು ಅಡಿ ಗಾಜಿನ ಪೆಟ್ಟಿಗೆಯಲ್ಲೂ ಅದೇ ಆಗುತ್ತದೆ.

ಹಾಗಾಗಿ ಆರ್‌ಒ ಆದಮೇಲೆ ಡಿಐ, ಅಂದರೆ ಉಳಿದ ಲವಣವನ್ನೂ ತೆಗೆಯುವ ಇನ್ನೊಂದು ಹಂತ ಬೇಕೇ ಬೇಕು. ಕೊಳವೆಯಂಥ ಡಬ್ಬಿಯಲ್ಲಿ ರೆಸಿನ್ ಕಾಳು ತುಂಬಿರುತ್ತದೆ. ಆರ್‌ಒ ಪೊರೆ ದಾಟಿ ಬಂದ ಲವಣವನ್ನು ಅದು ಹಿಡಿದುಕೊಳ್ಳುತ್ತದೆ. ಮೀಟರ್ 0 ತೋರಿಸಬೇಕು. ಬಣ್ಣ ಬದಲಿಸುವ ರೆಸಿನ್ ತಗೊಂಡರೆ ಅದು ಎಲ್ಲಿಯವರೆಗೆ ಖರ್ಚಾಗಿದೆ ಅಂತ ಹೊರಗಿನಿಂದಲೇ ಕಾಣುತ್ತದೆ. ಕಾಲುವೆ ನೀರು ಕೆಂಪಗೆ ಬರುವ ದಿನಗಳಲ್ಲಿ ಮೊದಲ ಸೆಡಿಮೆಂಟ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ನೀರಿಗೆ ಕ್ಲೋರಿನ್ ಹಾಕಿದ್ದರೆ ಕಾರ್ಬನ್ ಫಿಲ್ಟರ್ ಇಲ್ಲದೆ ಪೊರೆ ಹಾಳಾಗುತ್ತದೆ. ಹಳೇ ಕಾರ್ಟ್ರಿಡ್ಜ್ ಇಟ್ಟುಕೊಂಡು ಉಳಿತಾಯ ಮಾಡಲು ಹೋಗಬೇಡಿ.

ಆಮೇಲಿನದು ಸುಲಭ. ಆಹಾರ ತುಂಬುವ ದರ್ಜೆಯ ಡ್ರಮ್ಮಿನಲ್ಲಿ ನೀರು ಹಿಡಿದು, ಸಣ್ಣ ಪಂಪಿನಿಂದ ತಿರುಗಿಸುತ್ತಾ ಸಮುದ್ರದ ಮೀನಿನ ಟ್ಯಾಂಕಿಗೆಂದೇ ಮಾಡಿದ ಉಪ್ಪಿನ ಮಿಶ್ರಣ ಹಾಕಿ. ಲೀಟರಿಗೆ 35 ಗ್ರಾಂಗಿಂತ ಸ್ವಲ್ಪ ಜಾಸ್ತಿ ಬೀಳುತ್ತದೆ. ಉಪ್ಪಿನ ಮೇಲೆ ನೀರು ಸುರಿಯಬೇಡಿ, ಕ್ಯಾಲ್ಸಿಯಂ ಗರಣೆ ಕಟ್ಟುತ್ತದೆ. ಒಂದು ದಿನ ತಿರುಗಲು ಬಿಟ್ಟು ಸಾಂದ್ರತೆ 1.025 ಇದೆಯಾ ಅಂತ ನೋಡಿ. ಅಡುಗೆ ಉಪ್ಪು ಬೇಡವೇ ಬೇಡ. ಟ್ಯಾಂಕಿನೊಳಗೆ ಜೋಡಿಸುವ ಕಲ್ಲು ಒಣಗಿದ್ದೇ ಇರಲಿ. ಮನ್ನಾರ್ ಕೊಲ್ಲಿಯಿಂದ ಕಿತ್ತು ತಂದ ಹವಳ, ಕಲ್ಲು ಕೊಳ್ಳುವುದು ಕಾನೂನಿಗೂ ವಿರುದ್ಧ, ಮನಸ್ಸಿಗೂ ಒಗ್ಗದ ಕೆಲಸ. ಬ್ಯಾಕ್ಟೀರಿಯಾ ನೆಲೆಯೂರಿ, ಮೀನಿಗೆ ವಿಷವಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯಲು ಸಾಮಾನ್ಯವಾಗಿ 4ರಿಂದ 6 ವಾರ. ಅಲ್ಲಿಯವರೆಗೆ ಮೀನು ಬಿಡಬೇಡಿ.

ಬಳ್ಳಾರಿಯ ನಿಜವಾದ ಪರೀಕ್ಷೆ ಏಪ್ರಿಲ್‌ನಲ್ಲಿ. 40 ಡಿಗ್ರಿ ದಾಟುವ ಊರಲ್ಲಿ ಟ್ಯಾಂಕನ್ನು 26ರ ಹತ್ತಿರ ಇಡಲು ಚಿಲ್ಲರ್ ಬೇಕು, ಇಲ್ಲವೇ ಎಸಿ ರೂಮು. ಬರೀ ಫ್ಯಾನ್ ಬಿಟ್ಟರೆ ಅಷ್ಟು ತಣ್ಣಗೂ ಆಗದು, ನೀರು ಬೇರೆ ಬೇಗ ಆರುತ್ತದೆ. ಆರಿಹೋಗುವುದು ನೀರು ಮಾತ್ರ. ಅದರಲ್ಲಿದ್ದದ್ದೆಲ್ಲ ಟ್ಯಾಂಕಿನಲ್ಲೇ ಉಳಿಯುತ್ತದೆ. ದಿನಾ ಬೋರ್‌ವೆಲ್ ನೀರಲ್ಲೇ ತುಂಬಿಸುತ್ತಾ ಹೋದರೆ ಗಂಗಾವತಿ, ಸಿಂಧನೂರು ಕಡೆ ಕಾಲುವೆ ಕೆಳಗಿನ ಗದ್ದೆ ಸವಳು ಆದ ಹಾಗೆಯೇ ಟ್ಯಾಂಕೂ ಕೆಡುತ್ತದೆ. ಮೊದಲ ದಿನ ಅಷ್ಟು ಜತನದಿಂದ ನೀರು ತಯಾರಿಸಿ, ಆಮೇಲೆ ಆರಿದಷ್ಟನ್ನು ತುಂಬಿಸಲು ನಲ್ಲಿ ನೀರು ಹಾಕುವವರನ್ನು ಕಂಡರೆ ಸಂಕಟ ಆಗುತ್ತದೆ. ತುಂಬಿಸುವ ನೀರೂ ಉಪ್ಪಿಲ್ಲದ, 0 ತೋರಿಸುವ ನೀರೇ ಆಗಿರಬೇಕು.

ಇನ್ನೊಂದು ಮಾತು, ಚೆನ್ನೈನವರಿಗಿಂತ ನಮ್ಮವರಿಗೆ ಜಾಸ್ತಿ ಅನ್ವಯಿಸುವಂಥದ್ದು. ಮನೆಯ ಆರ್‌ಒ ಒಂದು ಲೀಟರ್ ಕೊಡಲು ಸಾಮಾನ್ಯವಾಗಿ ಮೂರು ಲೀಟರಿನಷ್ಟು ಹೊರಗೆ ಬಿಡುತ್ತದೆ. ಹಲವು ದಿನಕ್ಕೊಮ್ಮೆ ನಲ್ಲಿ ಬರುವ ಊರಲ್ಲಿ ಅದನ್ನು ಮೋರಿಗೆ ಬಿಡುವುದು ತಪ್ಪು. ಪೈಪನ್ನು ಬಕೆಟ್ಟಿಗೆ ಬಿಟ್ಟರೆ ನೆಲ ಒರೆಸಲು, ಕಕ್ಕಸಿಗೆ ಆಗುತ್ತದೆ. ಬೋರ್‌ವೆಲ್ ನೀರಾದರೆ ಗಿಡಕ್ಕೆ ಹಾಕಬೇಡಿ, ಉಪ್ಪು ಇನ್ನೂ ಗಟ್ಟಿಯಾಗಿರುತ್ತದೆ. ಅಕ್ಕನ ಮಗನಿಗೆ ನಾಲ್ಕು ಅಡಿ ಟ್ಯಾಂಕಿನ ಆಸೆ. ಎರಡು ಅಡಿ ಸಾಕು ಅಂದೆ. ಅದಕ್ಕಿಂತ ಚಿಕ್ಕದಾದರೆ ಶಾಖ, ಉಪ್ಪು ಎರಡೂ ಬೇಗ ಏರುಪೇರಾಗುತ್ತವೆ. ದೊಡ್ಡದಾದರೆ ಪ್ರತಿ ಸಲ ನೀರು ಬದಲಿಸುವಾಗಲೂ ಹೊರಬೀಳುವ ನೀರಿನ ಲೆಕ್ಕ ಮನೆಯವರಿಗೆ ಭಾರ. ಅವನು ಈಗ ಬಕೆಟ್ ಸಾಲಾಗಿ ಇಟ್ಟುಕೊಂಡು, ನಲ್ಲಿ ಬಂದ ದಿನವೇ ಆರ್‌ಒ ಹಚ್ಚುತ್ತಾನೆ.